ಏಳಕ್ಕೆ ಸರಿಯಾಗಿ ಕಟ್ಟುತ್ತಿದ್ದ ಮೂಗು

ಕಾರ್ತಿಕ ಮಾಸದ ಸೋಮವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ಸ್ಥಳ, ಹಾನಗಲ್ಲಿನ ಡಯಾಲಿಸಿಸ್ ಕೋಣೆ. ಹಾಜರಿದ್ದವರು: ಕಿಟಕಿ ಪಕ್ಕದ ಹಾಸಿಗೆಯಲ್ಲಿ ನಾನು, ನನ್ನ ಎಡಕ್ಕೆ ಸವಣೂರಿನ ಖಾರದ ಅಂಗಡಿಯ ದಸ್ತಗೀರಸಾಬರು, ನಮ್ಮಿಬ್ಬರ ನಡುವೆ ಮಷೀನು ನಡೆಸುವ ಟೆಕ್ನಿಷಿಯನ್ ರೇಣುಕಾ, ಬಾಗಿಲ ಹೊರಗಿನ ಬೆಂಚಿನ ಮೇಲೆ ಬುತ್ತಿಚೀಲ ತೊಡೆಯ ಮೇಲಿಟ್ಟುಕೊಂಡ ನನ್ನ ಹೆಂಡತಿ ಶಾಂತವ್ವ.

ರೇಣುಕಾ ಹೊಸ ಫಿಲ್ಟರಿನ ಪಾಕೀಟು ಹರಿದಳು. ಹೊಸ ರೇನ್‌ಕೋಟಿನ ಮಡಿಕೆ ಬಿಚ್ಚಿದಾಗ ಬರುವಂಥ ವಾಸನೆ ಒಂದು ಗಳಿಗೆ ಸುಳಿದು ಹೋಯಿತು. ಅಷ್ಟಕ್ಕೇ ನನ್ನ ಬಲಗೈ ತಾನಾಗಿ ಜೇಬಿನ ಕರವಸ್ತ್ರಕ್ಕೆ ಹೋಯಿತು. ಮೂಗಿಗೆ ಏನೂ ಆಗಿರಲಿಲ್ಲ. ಆದರೂ ಕೈಗೆ ಹಳೆಯ ರೂಢಿ ಬಿಟ್ಟಿಲ್ಲ. ಕಿಟಕಿಯ ಹೊರಗೆ ಭತ್ತದ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರೊಂದು ಹಾರ್ನ್ ಹೊಡೆಯುತ್ತ ಹೋಯಿತು. ಹೋದ ವರ್ಷದ ಸುಗ್ಗಿ ನೆನಪಾಗಿ ಸಿಟ್ಟು ಬಂತು. ಯಾರ ಮೇಲೆ ಸಿಟ್ಟು ಎಂಬುದು ಈಗ ಗೊತ್ತಿದೆ. ಆಗ ಗೊತ್ತಿರಲಿಲ್ಲ.

ನಾನು ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು, ಇದೇ ಹಾನಗಲ್ಲಿನಲ್ಲಿ. ಬಸ್ಸು ಬಂದ ವೇಳೆ, ಬಿಟ್ಟ ವೇಳೆ ಬರೆದುಕೊಳ್ಳುವುದು, ತಡಮಾಡಿದ ಕಂಡಕ್ಟರನ ಲಾಗ್‌ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಷರಾ ಹಾಕುವುದು ನನ್ನ ಕೆಲಸ. ನಿವೃತ್ತನಾದ ಮೇಲೂ ಐದಕ್ಕೆ ಏಳುತ್ತೇನೆ, ಐದೂವರೆಗೆ ಸ್ನಾನ, ಆರಕ್ಕೆ ನಮ್ಮೂರು ಅಕ್ಕಿಆಲೂರಿನ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಕಿಡ್ನಿ ಕೈಕೊಟ್ಟು, ವಾರಕ್ಕೆ ಮೂರು ದಿನ ನಾಲ್ಕು ನಾಲ್ಕು ತಾಸು ಮಷೀನಿಗೆ ಕೈ ಕೊಟ್ಟು ಮಲಗಬೇಕು ಎಂದು ಡಾಕ್ಟರು ಹೇಳಿದಾಗ ಮನೆಯವರೆಲ್ಲ ಅತ್ತರು. ನಾನು ಕೇಳಿದ್ದು ಒಂದೇ ಮಾತು, ಎಷ್ಟು ಗಂಟೆಗೆ ಬರಬೇಕು ಎಂದು. ಏಳಕ್ಕೆ ಎಂದರು. ಅಲ್ಲಿಂದಲೇ ತಕರಾರು ಶುರುವಾಯಿತು.

ಯಾಕೆಂದರೆ ಏಳಕ್ಕೆ ಅಲ್ಲಿ ಏನೂ ಆಗುತ್ತಿರಲಿಲ್ಲ. ನಾನು ಆರೂವರೆಗೆ ಬಂದು, ತೂಕ ನೋಡಿಕೊಂಡು, ಎಡಗೈ ತೋಳು ಮಡಚಿಕೊಂಡು ಕೂತಿರುತ್ತಿದ್ದೆ. ರೇಣುಕಾ ಬಂಕಾಪುರದವಳು. ಸವಣೂರಿನಿಂದ ಬಂಕಾಪುರದ ಮೇಲೆ ಬರುವ ಮೊದಲ ಬಸ್ಸು ಹಿಡಿದು ಬರಬೇಕು. ಅದೇ ಬಸ್ಸಿನಲ್ಲಿ ಸವಣೂರಿನಿಂದ ದಸ್ತಗೀರಸಾಬರೂ ಬರುತ್ತಿದ್ದರು. ಅವರ ಊರಿನಲ್ಲಿ ಮಷೀನು ಖಾಲಿ ಇಲ್ಲದ್ದಕ್ಕೆ ಇಲ್ಲಿಗೆ ಹಾಕಿದ್ದರು. ಬಸ್ಸು ಆರೂ ಮೂವತ್ತೈದಕ್ಕೆ ಬಂದರೂ ಸೂಜಿ ಚುಚ್ಚುವ ಹೊತ್ತಿಗೆ ಒಂದು ದಿನ ಏಳೂ ಕಾಲು, ಒಂದು ದಿನ ಏಳೂ ಇಪ್ಪತ್ತೈದು. ಹೋದ ವರ್ಷ ಇಡೀ ಮಳೆಗಾಲ ಸಹಿಸಿದೆ. ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಕಾಲಂ ಮಾಡಿದೆ: ಸವಣೂರು ಬಸ್ಸು ಬಂದ ವೇಳೆ, ಮಷೀನು ಶುರುವಾದ ವೇಳೆ, ಬಿಟ್ಟ ವೇಳೆ, ತೂಕ. ಬಸ್‌ಸ್ಟ್ಯಾಂಡು ಆಸ್ಪತ್ರೆಯ ಕಿಟಕಿಯಿಂದ ಕಾಣುತ್ತದೆ. ಬಸ್ಸು ಬಂದ ವೇಳೆ ಬರೆಯಲು ನನಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಮಹಾನವಮಿಗೆ ಮುಂಚೆ ಆ ತಖ್ತೆಯ ನಕಲು ಲಗತ್ತಿಸಿ ವೈದ್ಯಾಧಿಕಾರಿಗಳಿಗೆ ಒಂದು ಅರ್ಜಿ ಕೊಟ್ಟೆ. ಮೊದಲ ಪಾಳಿಯ ರೋಗಿಗೆ ಸರಿಯಾಗಿ ಏಳು ಗಂಟೆಗೆ ಮಷೀನು ಹಚ್ಚತಕ್ಕದ್ದು ಎಂದು ಆಜ್ಞೆಯಾಗಬೇಕಾಗಿ ವಿನಂತಿ.

ಆಜ್ಞೆಯಾಯಿತು. ನನ್ನ ಮಷೀನಿನ ಮೇಲಿನ ಗೋಡೆಗೆ ಒಂದು ಹಾಳೆ ಬಂತು: ‘ಮೊದಲ ಪಾಳಿ 7-00ಕ್ಕೆ ಸರಿಯಾಗಿ.’ ಅದನ್ನು ನೋಡಿಕೊಂಡು ಮಲಗುವುದೇ ನನಗೆ ಒಂದು ಸಂತೋಷವಾಗಿತ್ತು. ಮೊದಲ ಎರಡು ವಾರ ಎಲ್ಲ ಚೆನ್ನಾಗಿಯೇ ನಡೆಯಿತು. ಏಳಕ್ಕೆ ಶುರು, ಹನ್ನೊಂದಕ್ಕೆ ಮುಗಿತಾಯ, ಹನ್ನೊಂದೂವರೆಯ ಹಿರೇಕೆರೂರು ಬಸ್ಸಿಗೆ ಊರಿಗೆ. ಬದುಕು ವೇಳಾಪಟ್ಟಿಗೆ ಬಂತು ಎಂದುಕೊಂಡೆ.

ದೀಪಾವಳಿ ಕಳೆಯಿತು, ಭತ್ತದ ಕೊಯ್ಲು ಶುರುವಾಯಿತು, ನನ್ನ ಮೂಗು ಕಟ್ಟಿತು.

ಕಟ್ಟಿತು ಎಂದರೆ ನೆಗಡಿಯಂತೆ ಅಲ್ಲ. ಮನೆಯಿಂದ ಹೊರಡುವಾಗ ಸ್ವಚ್ಛ. ಬಸ್ಸಿನಲ್ಲಿ ಸ್ವಚ್ಛ. ತೂಕ ನೋಡುವಾಗ ಸ್ವಚ್ಛ. ಏಳಕ್ಕೆ ಮಷೀನು ತಿರುಗಲು ಶುರು ಮಾಡಿದ ಐದನೆಯ ನಿಮಿಷಕ್ಕೆ ಮೂಗಿನ ತುದಿ ತುರಿಸುತ್ತಿತ್ತು. ಎಂಟನೆಯ ನಿಮಿಷಕ್ಕೆ ಸೀನು. ಹತ್ತನೆಯದಕ್ಕೆ ಎರಡೂ ಹೊಳ್ಳೆಗೆ ಯಾರೋ ಬಿರಡೆ ಬಡಿದಂತೆ. ಕಣ್ಣಲ್ಲಿ ನೀರು, ಕಿವಿಯೊಳಗೆ ತುರಿಕೆ, ಬೆನ್ನ ಮೇಲೆ ದದ್ದು. ಎಡಗೈಯಲ್ಲಿ ಎರಡು ಸೂಜಿ ಇರುವುದರಿಂದ ಅದನ್ನು ಅಲುಗಿಸುವಂತಿಲ್ಲ. ಸೀನು ಕೇಳಿ ಬರುತ್ತದೆಯೇ? ಸೀನಿದಾಗ ಮೈ ಅದುರುತ್ತದೆ, ಮೈ ಅದುರಿದರೆ ಕೈ ಅದುರುತ್ತದೆ, ಕೈ ಅದುರಿದರೆ ಮಷೀನು ಕುಂಯ್ ಎಂದು ಕೂಗಿಕೊಳ್ಳುತ್ತದೆ. ರೇಣುಕಾ ಓಡಿ ಬಂದು ಗುಂಡಿ ಒತ್ತಿ ಸುಮ್ಮನಾಗಿಸುತ್ತಾಳೆ. ನಾನು ಮತ್ತೆ ಸೀನುತ್ತೇನೆ.

ಇಷ್ಟೇ ಆಗಿದ್ದರೆ ಕರವಸ್ತ್ರದ ಮಾತು. ಮೂಗು ಕಟ್ಟಿದವನು ಬಾಯಿಂದ ಉಸಿರಾಡಬೇಕು. ತಾಸುಗಟ್ಟಲೆ ಬಾಯಿ ತೆರೆದು ಮಲಗಿದರೆ ನಾಲಗೆ ಒಣಗಿ ಚರ್ಮದ ತುಂಡಿನಂತಾಗುತ್ತದೆ. ಒಣಗಿದ ಬಾಯಿ ನೀರು ಕೇಳುತ್ತದೆ. ಡಯಾಲಿಸಿಸ್‌ನವನಿಗೆ ನೀರು ಅಳತೆ. ದಿನಕ್ಕೆ ಇಷ್ಟು ಲೋಟ ಎಂದರೆ ಅಷ್ಟೇ. ನಾನು ಅಳತೆ ಮೀರಿದೆ. ಮೀರಿದ್ದೆಲ್ಲ ಮುಂದಿನ ಸಲ ತೂಕದಲ್ಲಿ ಕಾಣಿಸಿತು, ಪಾದದ ಬಾವಿನಲ್ಲಿ ಕಾಣಿಸಿತು. ಇಂಥ ಸಣ್ಣ ಅಂಗ ಇಷ್ಟು ದೊಡ್ಡ ಕಾರಭಾರ ಮಾಡುತ್ತದೆ ಎಂದು ನನಗೆ ಎಪ್ಪತ್ತು ವರ್ಷ ಗೊತ್ತಿರಲಿಲ್ಲ.

ಕಾರಣ ಹುಡುಕಲು ಹೊರಟೆ. ಮೊದಲ ಗುಮಾನಿ ಸುಗ್ಗಿಯ ಮೇಲೆ. ಅಕ್ಕಿಆಲೂರಿನಲ್ಲಿ ಕೊಯ್ಲಿನ ದಿನಗಳೆಂದರೆ ಗಾಳಿಯೆಲ್ಲ ಹೊಟ್ಟು. ಅಕ್ಕಿ ಗಿರಣಿಗಳ ಹಿಂದೆ ತವಡು, ಉಮಿ, ಬೂದಿ. ಶಾಂತವ್ವ ಕಿಟಕಿಗಳಿಗೆ ಹಳೆಯ ಧೋತರ ಕಟ್ಟಿದಳು, ಹಾಸಿಗೆ ಬಿಸಿಲಿಗೆ ಹಾಕಿದಳು, ನನ್ನ ಮುಖಕ್ಕೆ ಒಂದು ಟವೆಲ್ ಸುತ್ತಿದಳು. ಬಸ್ಸಿನಲ್ಲಿ ನನ್ನನ್ನು ಗುರುತಿಸಿದ ಹಳೆಯ ಡ್ರೈವರನೊಬ್ಬ, ಯಾರನ್ನಾದರೂ ದರೋಡೆ ಮಾಡಲು ಹೊರಟಿದ್ದೀರಾ ಎಂದು ಕೇಳಿದ. ಮೂಗು ಏಳಕ್ಕೇ ಕಟ್ಟಿತು.

ಎರಡನೆಯ ಗುಮಾನಿ ದಸ್ತಗೀರಸಾಬರ ಮೇಲೆ. ಅವರದು ಎರಡು ತಲೆಮಾರಿನ ಖಾರದ ಅಂಗಡಿ, ಕರಿದ ಮಸಾಲೆ ತಿಂಡಿಯದು. ಡಾಕ್ಟರು ಉಪ್ಪು ನಿಲ್ಲಿಸಿದ ಮೇಲೆ ತಾವು ಒಂದು ಚಿಟಿಕೆಯೂ ತಿನ್ನುವುದಿಲ್ಲ, ಆದರೆ ಬೆಳಗಿನ ಬಸ್ಸಿಗೆ ಮುಂಚೆ ಬಾಣಲೆ ಮುಂದೆ ನಿಂತು ಮಸಾಲೆಯ ಹದ ನೋಡಿಯೇ ಬರುತ್ತಾರೆ. ಅಂಗಿಯಲ್ಲಿ ಮೆಣಸಿನಪುಡಿ, ಬೆಳ್ಳುಳ್ಳಿ, ಕರಿಬೇವಿನ ಘಾಟು. ಸುತ್ತುಬಳಸದೆ ಹೇಳಿಬಿಟ್ಟೆ, ನಿಮ್ಮ ಅಂಗಿಯೇ ನನ್ನ ಮೂಗಿನ ವೈರಿ ಎಂದು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಮುಂದಿನ ಸಲ ಮಿಂದು, ಒಗೆದ ಬಿಳಿ ಅಂಗಿ ತೊಟ್ಟು ಬಂದರು. ಗೌರವಕ್ಕೆಂದು ಮೇಲೆ ಒಂದಿಷ್ಟು ಅತ್ತರನ್ನೂ ಹಚ್ಚಿಕೊಂಡಿದ್ದರು. ಬಾಗಿಲಿನಿಂದಲೇ ವಾಸನೆ ಬಂತು. ನಾನು ತಲೆ ಚಚ್ಚಿಕೊಂಡೆ.

‘ಹಂಗಾರ ಏನ್ ಹಚ್ಕೊಂಡ ಬರ್ಲಿ ಹೇಳ್ರಿ ಕಂಟ್ರೋಲರ್ ಸಾಹೇಬ್ರ,’ ಎಂದರು ಸಮಾಧಾನದಿಂದ. ‘ಡೀಸೆಲ್ ಹಚ್ಕೊಂಡ ಬಂದ್ರ ನಿಮ್ಮ ಮೂಗಿಗಿ ರೂಢಿ ಇರ್ತೈತೇನು?’

ನನಗೆ ಇನ್ನೂ ಸಿಟ್ಟು ತರಿಸಿದ್ದು ಅವರ ಮೂಗು. ಅದೇ ಕೋಣೆ, ಅಂಥದೇ ಮಷೀನು, ಅದೇ ಪೆಟ್ಟಿಗೆಯಿಂದ ತೆಗೆದ ಫಿಲ್ಟರು. ನನಗೆ ಹಚ್ಚಿದ ಅರ್ಧ ತಾಸಿಗೆ ಅವರಿಗೆ ಹಚ್ಚುತ್ತಿದ್ದರು. ಅವರು ಒಂದು ಸೀನನ್ನೂ ಸೀನದೆ ಗೊರಕೆ ಹೊಡೆಯುತ್ತಿದ್ದರು. ಗೊರಕೆಯೂ ಮೂಗಿನಿಂದ.

ಹಿರೇಕೆರೂರು ನನ್ನ ಹೆಂಡತಿಯ ತವರು. ಅಲ್ಲಿಂದ ಅವಳ ತಮ್ಮ ಒಂದು ಡಬ್ಬಿ ಕಷಾಯದ ಪುಡಿ ಕಳಿಸಿದ. ಕಷಾಯವೆಂದರೆ ನೀರು, ನೀರೆಂದರೆ ಅಳತೆ, ಅದರಲ್ಲಿ ಏನೇನು ಬೇರು ನಾರು ಇದೆಯೋ ಕಿಡ್ನಿ ಇಲ್ಲದವನು ಕುಡಿಯುವಂತಿಲ್ಲ ಎಂದು ವಾಪಸು ಕಳಿಸಿದೆ. ಅವನು ಮುನಿಸಿಕೊಂಡ. ಔಷಧ ಅಂಗಡಿಯವನು ಮೂಗಿಗೆ ಬಿಡುವ ಹನಿ ಕೊಟ್ಟ. ಅದನ್ನು ನಾನು ಗಡಿಯಾರ ನೋಡಿ ಆರಾರು ತಾಸಿಗೊಮ್ಮೆ ಒಂದು ಹನಿಯೂ ತಪ್ಪದೆ ಬಿಟ್ಟುಕೊಂಡೆ. ಮೂರು ವಾರಕ್ಕೆ, ಅಲ್ಲಿಯವರೆಗೆ ಮಷೀನಿನ ಮೇಲೆ ಮಾತ್ರ ಕಟ್ಟುತ್ತಿದ್ದ ಮೂಗು ಇಡೀ ದಿನ ಕಟ್ಟತೊಡಗಿತು. ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಬರುವ ಕಿಡ್ನಿ ಡಾಕ್ಟರು ಬಾಟಲಿ ನೋಡಿ, ಇದನ್ನು ನಾಲ್ಕು ದಿನದ ಮೇಲೆ ಹಾಕಿದರೆ ಇದೇ ಮೂಗು ಕಟ್ಟಿಸುತ್ತದೆ, ಬಿ.ಪಿ.ಯನ್ನೂ ಏರಿಸುತ್ತದೆ, ಇಷ್ಟು ಕ್ರಮವಾಗಿ ಹಾಕಿಕೊಳ್ಳಲು ಯಾರು ಹೇಳಿದರು ಎಂದು ಗದರಿದರು. ಹನಿ ಬಿಟ್ಟೆ. ಒಂದು ವಾರದಲ್ಲಿ ಮೂಗು ತನ್ನ ಹಳೆಯ ಶಿಸ್ತಿಗೆ ಮರಳಿತು. ಮತ್ತೆ ಏಳಕ್ಕೆ ಸರಿಯಾಗಿ.

‘ಅದು ಮೂಗಲ್ರಿ,’ ಎಂದಳು ಶಾಂತವ್ವ. ‘ಬಸ್‌ಸ್ಟ್ಯಾಂಡಿನ ಅಲಾರಂ. ನಿಮ್ಮ ಸಂಗ್ತೀಲೆ ಇದ್ದು ಇದ್ದು ಅದಕ್ಕೂ ನಿಮ್ಮ ಚಾಳಿ ಬಂದೈತಿ.’

ಡಾಕ್ಟರು ಅಂಟುಪಟ್ಟಿ ಬದಲಿಸಿ ಕಾಗದದ ಟೇಪು ಹಾಕಿಸಿದರು. ಕೈ ಒರೆಸುವ ದ್ರಾವಣ ಬದಲಿಸಿದರು. ಕೊನೆಗೆ ಮಷೀನಿಗೆ ಮುಂಚೆ ಅಲರ್ಜಿಯ ಇಂಜೆಕ್ಷನ್ ಬರೆದರು. ಅದರಿಂದ ಸೀನು ಅರ್ಧ ಕಡಿಮೆಯಾಯಿತು, ನಿದ್ದೆ ಎರಡರಷ್ಟಾಯಿತು. ಮೊದಲ ದಿನ ಶಾಂತವ್ವ ಜೊತೆಗಿರಲಿಲ್ಲ. ಹನ್ನೊಂದೂವರೆಯ ಬಸ್ಸು ಹತ್ತಿ ಕಣ್ಣು ಮುಚ್ಚಿದವನು ಎಚ್ಚರಾಗಿ ನೋಡಿದರೆ ಹಿರೇಕೆರೂರಿನ ಸ್ಟ್ಯಾಂಡು. ಕಂಡಕ್ಟರನು ನನ್ನ ಕೈಕೆಳಗೆ ಎಷ್ಟೋ ಕೆಂಪು ಷರಾ ಹಾಕಿಸಿಕೊಂಡವನು. ಅಕ್ಕಿಆಲೂರು ಬಂದಾಗ ಯಾಕೆ ಎಬ್ಬಿಸಲಿಲ್ಲ ಎಂದು ಕೇಳಿದರೆ, ‘ಎಬ್ಬಸ್ಬೇಕಂದ್ರ ಎರಡ ನಿಮಿಷ ಲೇಟ್ ಆಗ್ತಿತ್ರಿ ಸರ್,’ ಎಂದ. ನಗುತ್ತಿದ್ದನೋ ಇಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ. ಕಷಾಯದ ಮುನಿಸು ಮರೆಯದ ಭಾವಮೈದುನನ ಮನೆಯಲ್ಲಿ ಊಟ ಮಾಡಿ ಸಂಜೆಯ ಬಸ್ಸಿಗೆ ತಿರುಗಿ ಬಂದೆ.

ಇದೆಲ್ಲ ನಗುವ ಮಾತು. ನಗಲಾರದ ಮಾತು ಎಂದರೆ, ನಾನು ಮಷೀನಿನಿಂದ ಬೇಗ ಇಳಿಯತೊಡಗಿದ್ದೆ. ಇಂಜೆಕ್ಷನ್ ಇದ್ದರೂ ಬಾಯಿ ತೆರೆದು ನಾಲ್ಕು ತಾಸು ಮಲಗುವುದು ಆಗುತ್ತಿರಲಿಲ್ಲ. ಉಸಿರು ಸಿಕ್ಕಿಕೊಂಡಂತಾಗಿ ಗಾಬರಿಯಾಗುತ್ತಿತ್ತು. ಮೊದಲು ಮೂರೂವರೆ ತಾಸಿಗೆ ಬಿಡಿಸು ಎಂದೆ. ಆಮೇಲೆ ಮೂರು. ಆಮೇಲೆ ಎರಡೂವರೆ. ಹಾಗೆ ಇಳಿಯುವವರಿಗೆ ರೇಣುಕಾ ಒಂದು ರಜಿಸ್ಟರು ಮುಂದೆ ಹಿಡಿಯುತ್ತಿದ್ದಳು: ‘ನನ್ನ ಸ್ವಂತ ಇಚ್ಛೆಯಿಂದ ಪೂರ್ಣ ಅವಧಿಗೆ ಮುಂಚೆ ಚಿಕಿತ್ಸೆ ನಿಲ್ಲಿಸಿರುತ್ತೇನೆ.’ ಕೆಳಗೆ ಸಹಿ. ಮೂವತ್ತೊಂದು ವರ್ಷ ನೌಕರಿ ಮಾಡಿದವನು, ಒಂದು ದಿನವೂ ಪಾಳಿ ಮುಗಿಯುವ ಮುಂಚೆ ಕುರ್ಚಿ ಬಿಟ್ಟು ಎದ್ದವನಲ್ಲ. ಆ ರಜಿಸ್ಟರಿನಲ್ಲಿ ಒಂಬತ್ತು ಕಡೆ ನನ್ನ ಸಹಿ ಇದೆ.

ಉಳಿದ ನೀರು ಮೈಯಲ್ಲೇ ಉಳಿಯಿತು. ಅಂಗಳ ದಾಟಿದರೆ ಏದುಸಿರು. ಒಂದು ಬುಧವಾರ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ ನನಗೆ ಏನೂ ಹೇಳದೆ ಶಾಂತವ್ವನನ್ನು ಒಳಗೆ ಕರೆದರು. ಪುಪ್ಪುಸದ ಬುಡದಲ್ಲಿ ನೀರು ಕೂಡುತ್ತಿದೆ, ಇನ್ನೊಂದು ವಾರ ಹೀಗೇ ಅರ್ಧಕ್ಕೆ ಎದ್ದರೆ ಇಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ, ಸೇರಿಸಿದ ಮೇಲೂ ಏನು ಎಂದು ಈಗಲೇ ಹೇಳಲಾರೆ ಎಂದರು. ಅವಳು ಹೊರಗೆ ಬಂದು ಬುತ್ತಿಚೀಲದ ಗಂಟನ್ನು ಬಿಚ್ಚಿದಳು, ಕಟ್ಟಿದಳು. ನನಗೆ ಒಂದು ಮಾತು ಹೇಳಿದಳು.

‘ನಾಕ ತಾಸ ಮಲಗ್ರಿ. ನಾ ನಿಮಗ ಬ್ಯಾರೆ ಏನೂ ಕೇಳಂಗಿಲ್ಲ.’

ಮಲಗಬೇಕೆಂದೇ ಹೋದೆ. ಶುಕ್ರವಾರ ಮೂರು ತಾಸು. ಸೋಮವಾರ ಎರಡೂ ಮುಕ್ಕಾಲು. ಬುಧವಾರಕ್ಕೆ ಡಾಕ್ಟರು ಹೇಳಿದ್ದ ಆ ವಾರ ಮುಗಿಯುತ್ತಿತ್ತು.

ಆ ಬುಧವಾರ ಸವಣೂರು ಬಸ್ಸು ಬರಲೇ ಇಲ್ಲ. ಆರೂ ಐವತ್ತಾಯಿತು, ಏಳಾಯಿತು. ನಾನು ಕಿಟಕಿಯಲ್ಲಿ ನಿಂತು ಸ್ಟ್ಯಾಂಡನ್ನೇ ನೋಡುತ್ತಿದ್ದೆ. ಏಳೂವರೆ. ಗೋಡೆಯ ಮೇಲಿನ ‘7-00ಕ್ಕೆ ಸರಿಯಾಗಿ’ ಎಂಬ ಹಾಳೆ ನನ್ನನ್ನು ಅಣಕಿಸುತ್ತಿತ್ತು. ಇನ್ನೊಂದು ಅರ್ಜಿಯ ಒಕ್ಕಣೆ ತಲೆಯಲ್ಲಿ ಸಿದ್ಧವಾಯಿತು. ಎಂಟೂ ಹತ್ತಕ್ಕೆ ಬಸ್ಸು ಬಂತು. ಬಂಕಾಪುರದ ಆಚೆ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ದಾರಿಗೆ ಅಡ್ಡ ಬಿದ್ದಿತ್ತಂತೆ. ರೇಣುಕಾ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಬಂದಳು. ಹಿಂದೆ ದಸ್ತಗೀರಸಾಬರು, ಹುಲ್ಲಿನ ಕಡ್ಡಿ ಟೋಪಿಗೆ ಸಿಕ್ಕಿಸಿಕೊಂಡು. ನಾನು ಗಡಿಯಾರ ತೋರಿಸಲಿಲ್ಲ. ತೋರಿಸಿ ಫಲವಿರಲಿಲ್ಲ. ಅವಳೂ ಅವಸರ ಮಾಡಲಿಲ್ಲ. ಏಳು ಹೇಗೂ ತಪ್ಪಿತ್ತು. ನನ್ನ ಫಿಲ್ಟರು ಹಚ್ಚಿ, ಸಲೈನ್ ಬಾಟಲಿ ತೂಗುಹಾಕಿ, ಹನಿಯಲು ಬಿಟ್ಟು, ದಸ್ತಗೀರಸಾಬರ ತೂಕ ನೋಡಿದಳು, ನನ್ನ ಒಂದು ಬಾಟಲಿ ಮುಗಿದದ್ದಕ್ಕೆ ಇನ್ನೊಂದು ಹಚ್ಚಿದಳು, ಹೊರಗೆ ಹೋಗಿ ಚಹಾ ಕುಡಿದು ಬಂದಳು. ನನಗೆ ಸೂಜಿ ಹಾಕಿದಾಗ ಎಂಟೂ ಐವತ್ತು. ಇಂಜೆಕ್ಷನ್ ಕೊಡಲು ಅವಳು ಮರೆತಳು, ಕೇಳಲು ನಾನು ಮರೆತೆ. ಸಿಟ್ಟಿನಲ್ಲಿ ಎಲ್ಲ ಮರೆಯುತ್ತದೆ.

ಐದು ನಿಮಿಷ ಕಾದೆ. ತುರಿಕೆ ಇಲ್ಲ. ಕರವಸ್ತ್ರ ಕೈಯಲ್ಲಿ ಹಿಡಿದು ಹತ್ತು ನಿಮಿಷ ಕಾದೆ. ಸೀನು ಇಲ್ಲ. ಒಂಬತ್ತೂ ಕಾಲಿಗೆ ಒಂದು ಹೊಳ್ಳೆ ಮುಚ್ಚಿ ಇನ್ನೊಂದರಿಂದ ಎಳೆದೆ. ಗಾಳಿ ಹೋಯಿತು. ಇನ್ನೊಂದು ಮುಚ್ಚಿ ಎಳೆದೆ. ಹೋಯಿತು. ದಸ್ತಗೀರಸಾಬರ ಅಂಗಿಯ ಬೆಳ್ಳುಳ್ಳಿ ಖಾರದ ವಾಸನೆ ಘಮ್ಮೆಂದು ಬಂತು. ಎಷ್ಟೋ ವಾರಗಳ ಮೇಲೆ ಮಷೀನಿನ ಮೇಲೆ ಮಲಗಿ ನಾನು ಒಂದು ವಾಸನೆಯನ್ನು ಹಿಡಿದಿದ್ದೆ.

ಸಂತೋಷವಾಗಬೇಕಿತ್ತು. ಇದ್ಯಾವ ನ್ಯಾಯ ಎಂದು ರೇಗಿತು. ಹೊಟ್ಟು ಇದೆ, ಖಾರ ಇದೆ, ಇಂಜೆಕ್ಷನ್ ಇಲ್ಲ, ಬಸ್ಸು ತಡ, ಮೂಗು ಸ್ವಚ್ಛ. ಬಲಗೈಯಿಂದ ನೋಟ್‌ಬುಕ್ ತೆಗೆದು ಹೊಟ್ಟೆಯ ಮೇಲಿಟ್ಟುಕೊಂಡೆ. ಮೂಗು ಕೆಟ್ಟ ದಿನ ಅಂಚಿನಲ್ಲಿ ಒಂದು ಗುಣಾಕಾರದ ಗುರುತು ಹಾಕುತ್ತಿದ್ದೆ. ಶುರುವಾದ ವೇಳೆಯ ಕಾಲಂನಲ್ಲಿ ಮಹಾನವಮಿಯಿಂದೀಚೆ ಎಲ್ಲ ಏಳು, ಏಳು, ಏಳು. ಅದರಿಂದ ಏನೂ ತಿಳಿಯಲಿಲ್ಲ. ಆಗ ಕಣ್ಣು ಮೊದಲ ಕಾಲಂಗೆ ಹೋಯಿತು. ಸವಣೂರು ಬಸ್ಸು. ನವಮಿಯ ನಂತರದ ಎರಡು ವಾರ ಆರೂ ಮೂವತ್ತೈದು. ಗುಣಾಕಾರ ಇಲ್ಲ. ಕೊಯ್ಲು ಶುರುವಾದ ಮೇಲೆ ಆರೂ ನಲವತ್ತೆಂಟು, ಆರೂ ಐವತ್ತು, ಆರೂ ಐವತ್ತೆರಡು. ಸಾಲಾಗಿ ಗುಣಾಕಾರ. ನಡುವೆ ಒಂದು ಹಬ್ಬದ ದಿನ ಬಸ್ಸು ಖಾಲಿ ಇದ್ದು ಆರೂ ಮೂವತ್ತಮೂರಕ್ಕೆ ಬಂದಿತ್ತು. ಆ ದಿನ ಗುಣಾಕಾರ ಇಲ್ಲ. ಇವತ್ತು ಎಂಟೂ ಹತ್ತಕ್ಕೆ ಬಂದದ್ದು, ಎಂಟೂ ಐವತ್ತಕ್ಕೆ ಶುರುವಾದದ್ದು.

ಕಂಟ್ರೋಲರನಾಗಿದ್ದಾಗ ಬಸ್ಸು ಬಂದದ್ದಕ್ಕೂ ಬಿಟ್ಟದ್ದಕ್ಕೂ ನಡುವಿನ ವೇಳೆಯನ್ನು ಪ್ರತಿ ಸಾಲಿನ ಕೊನೆಗೆ ಬರೆಯುತ್ತಿದ್ದೆ. ಬಸ್ಸಿನ ಸ್ಥಿತಿ ತಿಳಿಯುವುದು ಅದರಿಂದಲೇ. ನಿಂತ ವೇಳೆ ಕಡಿಮೆಯಾದರೆ ಡ್ರೈವರು ಟೈರು ನೋಡುವುದಿಲ್ಲ, ನೀರು ಹಾಕುವುದಿಲ್ಲ, ಹೋಗಿ ದಾರಿಯಲ್ಲಿ ನಿಲ್ಲುತ್ತಾನೆ. ಅದೇ ಲೆಕ್ಕ ಇಲ್ಲಿ ಮಾಡಿರಲಿಲ್ಲ. ಬಸ್ಸು ಬಂದದ್ದಕ್ಕೂ ಮಷೀನು ಶುರುವಾದದ್ದಕ್ಕೂ ನಡುವೆ ಇಪ್ಪತ್ತೈದು ನಿಮಿಷ ಇದ್ದ ದಿನ ಮೂಗು ಸ್ವಚ್ಛ. ಹತ್ತು ನಿಮಿಷ ಇದ್ದ ದಿನ ಗುಣಾಕಾರ. ಇವತ್ತು ನಲವತ್ತು.

ರೇಣುಕಾಳನ್ನು ಕರೆದು ಆ ಬಾಟಲಿ ಯಾತಕ್ಕೆ ಎಂದು ಕೇಳಿದೆ. ಅಷ್ಟು ತಿಂಗಳು ಅದರ ಕೆಳಗೆ ಮಲಗಿಯೂ ಕೇಳಿರಲಿಲ್ಲ. ಹೊಸ ಫಿಲ್ಟರನ್ನು ಕಂಪನಿಯವರು ಗ್ಯಾಸು ಹಾಯಿಸಿ ಕ್ರಿಮಿ ಕೊಂದು ಪಾಕೀಟು ಮಾಡಿರುತ್ತಾರೆ, ಆ ಗ್ಯಾಸಿನ ಅಂಶ ಒಳಗೆ ಅಂಟಿಕೊಂಡಿರುತ್ತದೆ, ಸಲೈನಿನಿಂದ ಸಾವಕಾಶವಾಗಿ ತೊಳೆದು ತೆಗೆಯಬೇಕು ಎಂದಳು. ಉಳಿದರೆ ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ತುರಿಕೆ, ಸೀನು. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ಅವಳು ನನ್ನ ನೋಟ್‌ಬುಕ್ ನೋಡುತ್ತಿದ್ದಳು.

‘ಎಷ್ಟ ಹೊತ್ತ ತೊಳೀಬೇಕು?’

‘ಇಪ್ಪತ್ತ ನಿಮಿಷಾರ ಬೇಕ್ರಿ ಅಜ್ಜಾರ.’

‘ನನಗ ಎಷ್ಟ ತೊಳೀತಿದ್ದಿ?’

‘ಸ್ಟ್ಯಾಂಡಿನಿಂದ ಓಡಿ ಬಂದ್ರೂ ಏಳಕ್ಕ ಐದ ನಿಮಿಷ ಉಳೀತಿತ್ರಿ. ಪಂಪ್ ಜೋರ್ ಇಟ್ಟ ತೊಳೀತಿದ್ದೆ. ಸಾಕಾಗ್ತೈತಿ ಅಂದ್ಕೊಂಡಿದ್ದೆ. ಸಾಬರದ್ದಕ್ಕ ಅರ್ಧ ತಾಸ ಹೆಚ್ಚಿಗಿ ಸಿಗ್ತಿತ್ತು.’

‘ನನಗ ಹೇಳಬಾರದಾಗಿತ್ತಾ?’ ನನ್ನ ದನಿ ಏರಿತು.

‘ಹೇಳಿದ್ನೆಲ್ರಿ,’ ಎಂದಳು. ಕಣ್ಣಲ್ಲಿ ನೀರಿತ್ತು, ಆದರೆ ಮಾತು ನೆಟ್ಟಗಿತ್ತು. ‘ದೀಪಾವಳಿ ಆದಮ್ಯಾಲೆ ಒಂದಿನ ಅಂದಿದ್ದೆ, ಅಜ್ಜಾರ ಇನ್ನೊಂದ ಹತ್ತ ನಿಮಿಷ ತೊಳೀತೇನಿ ಅಂತ. ನೀವು ಗ್ವಾಡಿಮ್ಯಾಲಿನ ಹಾಳಿ ತೋರ್ಸಿದ್ರಿ.’

ತೋರಿಸಿದ್ದೆ. ನೆನಪಿತ್ತು. ಬೆರಳು ಮಾಡಿ ತೋರಿಸಿದ್ದೆ. ಮಾತು ಕೂಡ ಆಡಿರಲಿಲ್ಲ.

ದಸ್ತಗೀರಸಾಬರು ನಿದ್ದೆಯಲ್ಲಿದ್ದಾರೆ ಎಂದುಕೊಂಡಿದ್ದೆ. ಅವರು ಚಾವಣಿ ನೋಡುತ್ತಲೇ ಒಂದು ಮಾತು ತೆಗೆದರು. ‘ಸಾಹೇಬ್ರ, ನೀವು ಸ್ಟ್ಯಾಂಡಿನ್ಯಾಗ ಇದ್ದಾಗ ಸುಗ್ಗಿ ಟೈಮಿಗೆ ನಮ್ಮ ಸವಣೂರ ಬಸ್ಸಿಗಿ ಕಾಲ್ ತಾಸ ಹೆಚ್ಚಿಗಿ ಕೊಡ್ತಿದ್ರೆಲ್ಲ. ನೆಪ್ಪೈತೇನು? ಚೀಲಾ ಹೇರ್ತಾರ, ಟ್ರ್ಯಾಕ್ಟರ್ ಅಡ್ಡ ಬರ್ತಾವ, ಪಾಪ ಬಸ್ಸೇನ್ ಮಾಡ್ತೈತಿ ಅಂತಿದ್ರಿ.’

ಕೊಡುತ್ತಿದ್ದೆ. ಪ್ರತಿ ಕೊಯ್ಲಿಗೂ ಮೇಲಿನವರಿಗೆ ಬರೆದು ಬಂಕಾಪುರದ ದಾರಿಯ ಬಸ್ಸುಗಳಿಗೆ ಹದಿನೈದು ನಿಮಿಷ ಕೊಡಿಸುತ್ತಿದ್ದವನು ನಾನೇ. ಅಷ್ಟು ಸುಗ್ಗಿ ಬಸ್ಸಿಗೆ ಕೊಟ್ಟದ್ದನ್ನು ಬಸ್ಸಿನೊಳಗಿದ್ದ ಹೆಣ್ಣುಮಗಳಿಗೆ ಒಂದು ಸುಗ್ಗಿಯೂ ಕೊಟ್ಟಿರಲಿಲ್ಲ. ಸುಗ್ಗಿಯೇ ನನ್ನ ಮೂಗು ಕಟ್ಟಿಸಿದ್ದು ನಿಜ. ಆದರೆ ಹೊಟ್ಟಿನ ದಾರಿಯಿಂದ ಅಲ್ಲ, ಬಸ್ಸಿನ ದಾರಿಯಿಂದ. ಬೈಯಲು ಯಾರೂ ಸಿಗಲಿಲ್ಲ. ನನಗೆ ಅದು ಎಲ್ಲಕ್ಕಿಂತ ಕಷ್ಟದ ಸ್ಥಿತಿ.

ಆ ಬುಧವಾರ ಡಾಕ್ಟರು ಬರುವ ದಿನವೂ ಆಗಿತ್ತು. ರೇಣುಕಾ ತಾನಾಗಿಯೇ ಎಲ್ಲ ಹೇಳಿದಳು. ಹೇಳುವ ಮುಂಚೆ ಹೆದರಿದ್ದಳು, ನೌಕರಿಯ ಮಾತಾಗಿತ್ತು. ನಾನು ನೋಟ್‌ಬುಕ್ ಮುಂದೆ ಹಿಡಿದು, ಹತ್ತು ನಿಮಿಷ ಕೇಳಿದ್ದಳು, ಕೊಡದವನು ನಾನು ಎಂದೆ. ಡಾಕ್ಟರು ಕಾಲಂಗಳ ಮೇಲೆ ಬೆರಳಾಡಿಸಿ, ಅವಳಿಗೆ ಗದರಿದರು, ನನಗೂ ಗದರಿದರು. ಇನ್ನು ಮೇಲೆ ಎರಡು ಬಾಟಲಿ ಪೂರ್ತಿ ಹರಿಯದೆ ಸೂಜಿ ಮುಟ್ಟಬಾರದು ಎಂದು ಬರೆದರು. ಹುಬ್ಬಳ್ಳಿಯ ಚೀಟಿ ಅರ್ಧ ಬರೆದದ್ದು ಮೇಜಿನ ಮೇಲಿತ್ತು. ಅದನ್ನು ಹರಿಯಲಿಲ್ಲ, ಪಕ್ಕಕ್ಕಿಟ್ಟರು. ಮೊದಲು ನಾಲ್ಕು ತಾಸು ಮಲಗಿ ತೋರಿಸಿ ಎಂದರು.

ಹೋಗುವಾಗ ಗೋಡೆಯ ಹಾಳೆ ಅವರ ಕಣ್ಣಿಗೆ ಬಿತ್ತು. ಇದನ್ನು ಯಾರು ಹಾಕಿಸಿದರು ಎಂದು ಕೇಳಿದರು. ರೇಣುಕಾ ಬಾಟಲಿ ನೋಡಿದಳು. ದಸ್ತಗೀರಸಾಬರು ಚಾವಣಿ ನೋಡಿದರು.

ಹನ್ನೆರಡೂ ಐವತ್ತು. ಮಷೀನು ತಾನಾಗಿ ಕೂಗಿತು. ನಾಲ್ಕು ತಾಸು. ನನ್ನ ಮೂಗು ಅಷ್ಟೂ ಹೊತ್ತು ತನ್ನ ಕೆಲಸ ಮಾಡಿತ್ತು.

‘ಸ್ಟಾಪ್ ಬಂತ್ರಿ ಸಾಹೇಬ್ರ, ಇಳೀರಿ,’ ಎಂದರು ದಸ್ತಗೀರಸಾಬರು.

ರೇಣುಕಾ ಸೂಜಿ ತೆಗೆದಳು. ಹತ್ತು ನಿಮಿಷ ಹತ್ತಿ ಒತ್ತಿ ಹಿಡಿದೆ. ಅಭ್ಯಾಸದ ಮೇಲೆ ಅವಳು ಆ ರಜಿಸ್ಟರು ತಂದು ಸ್ವಂತ ಇಚ್ಛೆಯ ಪುಟ ತೆರೆದಳು. ತೆರೆದವಳು ತಾನೇ ನೋಡಿ ಮುಚ್ಚಿದಳು. ತೂಕ ನೋಡಿಕೊಂಡೆ. ಶಾಂತವ್ವ ಬಾಗಿಲಿನಲ್ಲಿ ನಿಂತು ತೂಕದ ಮುಳ್ಳನ್ನು ನನಗಿಂತ ಮುಂಚೆ ಓದಿದಳು. ಬುತ್ತಿಚೀಲ ಹೆಗಲಿಗೆ ಹಾಕಿಕೊಂಡು, ಒಂದೂ ಇಪ್ಪತ್ತರ ಬಸ್ಸು ಸಿಗುತ್ತದೆ ನಡೆಯಿರಿ ಎಂದಳು.

ಇನ್ನೊಂದು ಕೆಲಸ ಬಾಕಿ ಇದೆ ಎಂದೆ. ವೈದ್ಯಾಧಿಕಾರಿಗಳ ಕೋಣೆಗೆ ಹೋಗಿ ನಿಂತುಕೊಂಡೇ ಒಂದು ಅರ್ಜಿ ಬರೆದೆ: ಹಿಂದಿನ ನನ್ನ ಅರ್ಜಿಯನ್ನು ರದ್ದುಪಡಿಸಬೇಕು, ತಪ್ಪು ಅರ್ಜಿದಾರನದೇ. ಅವರು ಓದಿ ಸಹಿ ಹಾಕಿದರು. ಹೊಸ ಹಾಳೆಗೆ ಯಾವ ವೇಳೆ ಬರೆಯಲಿ ಎಂದು ಗುಮಾಸ್ತ ಕೇಳಿದ, ಬೇಸತ್ತ ದನಿಯಲ್ಲಿ. ನಿಮ್ಮ ಅಕ್ಷರ ಚೆನ್ನಾಗಿದೆ, ನೀವೇ ಬರೆದುಕೊಳ್ಳಿ ಎಂದು ಒಂದು ಬಿಳಿ ಹಾಳೆ ಕೊಟ್ಟ. ಏಳೂವರೆ ಎಂದು ಬರೆಯಲು ಹೋದೆ. ಇನ್ನೊಂದು ಸುಗ್ಗಿ, ಇನ್ನೊಂದು ಟ್ರ್ಯಾಕ್ಟರು ಕಣ್ಣ ಮುಂದೆ ಬಂತು. ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದೆ: ‘ಮೊದಲ ಪಾಳಿ: ಎರಡು ಬಾಟಲಿ ತೊಳೆದ ಮೇಲೆ.’

ವೇಳೆಯಿಲ್ಲದ ಬೋರ್ಡು ನನ್ನ ಕೈಯಿಂದ ಬರೆದದ್ದು ಅದೊಂದೇ. ಡಯಾಲಿಸಿಸ್ ಕೋಣೆಗೆ ತಿರುಗಿ ಬಂದೆ. ಅಂಟು ಇರಲಿಲ್ಲ. ರೇಣುಕಾ ನನ್ನ ಕೈಗೆ ಹಚ್ಚುವ ಕಾಗದದ ಟೇಪನ್ನೇ ನಾಲ್ಕು ತುಂಡು ಹರಿದು ಕೊಟ್ಟಳು. ಹಳೆಯದನ್ನು ಕಿತ್ತು ಅದೇ ಜಾಗದಲ್ಲಿ ಹೊಸದನ್ನು ಅಂಟಿಸಿದೆ. ಒಂದು ಮೂಲೆ ಸೊಟ್ಟಗಾಗಿತ್ತು. ಬಿಚ್ಚಿ, ನೇರ ಮಾಡಿ, ಮತ್ತೆ ಅಂಟಿಸಿದೆ. ಅಷ್ಟರಲ್ಲಿ ಒಂದೂ ಇಪ್ಪತ್ತರ ಬಸ್ಸು ಬಿ‍ಟ್ಟಾಗಿತ್ತು.